ಬಾದಾಮಿ ತೋಟದ ನಡುವಿನ ಗುಜರಿ, ಅದರ ಕೊನೇ ಎರಡು ಸಾಲು

ಹಳೇ ಜಪಾನೀ ಕಾರುಗಳ ಬಿಡಿಭಾಗ ಸಿಗುವ ಈ ಗುಜರಿಯ ಹೆಸರು ಹೇಳುವುದಿಲ್ಲ. ಮೊದಲೇ ತಿಳಿಸಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಅಲ್ಲಿ ನನಗೆ ಒಂದು ಕಹಿ ಅನುಭವವೂ ಆಗಿದೆ, ಅದನ್ನು ಬರೆಯದೆ ಬಿಡುವವನಲ್ಲ ನಾನು, ಹಾಗಂತ ಹೆಸರು ಹಾಕಿ ಒಬ್ಬ ಮುದುಕರ ಹೊಟ್ಟೆ ಮೇಲೆ ಹೊಡೆಯುವ ಮನಸ್ಸೂ ಇಲ್ಲ. ಜೊತೆಗೆ ಸ್ವಲ್ಪ ಸ್ವಾರ್ಥ. ಅಲ್ಲಿ ನಾನು ಬಿಚ್ಚಿಕೊಂಡು ಬರಬೇಕಾದ ಸಾಮಾನು ಇನ್ನೂ ಇದೆ. ಇಷ್ಟು ಹೇಳಬಹುದು: ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿ, ಹೈವೇ 99ರಲ್ಲಿ ಮರ್ಸೆಡ್ ದಾಟಿ ದಕ್ಷಿಣಕ್ಕೆ ಹೋಗಬೇಕು, ಚೌಚಿಲಾ ಹತ್ತಿರ ಎಲ್ಲೋ ಒಂದು ಕಡೆ ಹೈವೇ ಬಿಟ್ಟು ಬಾದಾಮಿ ತೋಟಗಳ ನಡುವೆ ಕೆಲವು ಮೈಲಿ. ಹುಚ್ಚು ಇರುವವರು ಆ ಕಡೆ ಎರಡು ಶನಿವಾರ ಸುತ್ತಿದರೆ ತಾನಾಗಿ ಸಿಗುತ್ತದೆ.

ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಫ್ರೀಮಾಂಟ್‌ನಲ್ಲಿ. ಗರಾಜಿನಲ್ಲಿ ಮೂರು ವರ್ಷದಿಂದ ಒಂದು 1972ರ ದಟ್ಸನ್ 240ಜೆಡ್, ನಿಸ್ಸಾನ್ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು, ನಿಂತಿದೆ. ನಿಂತಿದೆ ಅಂದರೆ ನಿಂತೇ ಇದೆ. ಹೆಂಡತಿ ಅದರ ಮೇಲೆ ಹಪ್ಪಳ ಒಣಗಿಸುವಷ್ಟು ದಿನದಿಂದ. ಬೇ ಏರಿಯಾದಲ್ಲೂ ನಾವೇ ಸ್ಪ್ಯಾನರ್ ಹಿಡಿದು ಬಿಚ್ಚಿಕೊಳ್ಳುವ ದೊಡ್ಡ ದೊಡ್ಡ ಯಾರ್ಡ್‌ಗಳಿವೆ, ಆದರೆ ಅಲ್ಲಿ ಗಾಡಿ ಬಂದು ಕೆಲವು ವಾರ ನಿಂತು ಆಮೇಲೆ ಅಪ್ಪಚ್ಚಿಯಾಗಿ ಹೋಗುತ್ತದೆ, ಸಿಗುವುದು ಹೆಚ್ಚು ಕಮ್ಮಿ ನಾವು ಈಗಷ್ಟೇ ಓಡಿಸಿ ಮಾರಿದ ಕ್ಯಾಮ್ರಿ, ಆಲ್ಟಿಮಾಗಳೇ. 1970ರ ದಶಕದ ದಟ್ಸನ್ ಬೇಕಂದರೆ ಜಾಗಕ್ಕೆ ಬರ ಇಲ್ಲದ, ಮಳೆಗೆ ಬರ ಇರುವ ಊರಿಗೆ ಹೋಗಬೇಕು.

ಅಪ್ಪ ಈ ಸಲ ಆರು ತಿಂಗಳಿಗೆ ಅಂತ ಬಂದಿದ್ದರು. ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಇಲ್ಲಿ ಬಂದ ಮೂರನೇ ವಾರಕ್ಕೆ ಪಾರ್ಕು, ದೇವಸ್ಥಾನ, ಇಂಡಿಯನ್ ಅಂಗಡಿ ಎಲ್ಲ ಮುಗಿದು, "ಎಲ್ಲಾದ್ರೂ ಗ್ರೀಸ್ ವಾಸನೆ ಬರೋ ಕಡೆ ಕರ್ಕೊಂಡು ಹೋಗೋ" ಎಂದರು. ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಅಮ್ಮ ಪುಳಿಯೋಗರೆ ಕಟ್ಟಿಕೊಟ್ಟಿದ್ದರು. ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳನ್ನು ದಾಟಿ ಕೆಳಗೆ ಇಳಿದದ್ದೇ ಮಂಜು, ಚಳಿಗಾಲದಲ್ಲಿ ಈ ಬಯಲು ತುಂಬಾ ಕೂರುವ ಟೂಲಿ ಮಂಜು, ಮುಂದಿನ ಲಾರಿಯ ಹಿಂದಿನ ದೀಪ ಬಿಟ್ಟರೆ ಏನೂ ಕಾಣದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಕಲೇಶಪುರ ಬಂತು ಅನ್ಕೊಂಡೆ. ಘಾಟಿನೇ ಇಲ್ವಲ್ಲೋ" ಎಂದರು. ನಿಜ, ಅಷ್ಟು ಸಪಾಟಾದ ನೆಲದಲ್ಲಿ ಅಷ್ಟು ಮಂಜು ನೋಡಿದರೆ ವಿಚಿತ್ರ ಅನ್ನಿಸುತ್ತದೆ. ನೀವು ಹೋಗುವುದಾದರೆ ಚಳಿಗಾಲದಲ್ಲಿ ಹತ್ತು ಗಂಟೆ ಮೇಲೆ ತಲುಪುವ ಹಾಗೆ ಹೊರಡಿ.

ಯಾರ್ಡ್‌ಗೆ ವೆಬ್‌ಸೈಟ್ ಇಲ್ಲ, ಯಾವ ಗಾಡಿ ಇದೆ ಅನ್ನುವ ಪಟ್ಟಿ ಇಲ್ಲ. ತಗಡಿನ ಗೇಟು, ಗೇಟಿನ ಹತ್ತಿರ ಎದ್ದೇಳುವ ಮನಸ್ಸಿಲ್ಲದ ಒಂದು ನಾಯಿ, ಹಳೇ ಕಂಟೇನರ್‌ನಲ್ಲಿ ಆಫೀಸು. ಯಜಮಾನರಿಗೆ ಎಂಬತ್ತರ ಹತ್ತಿರ ಇರಬೇಕು, ಗಲ್ಲಾದಲ್ಲಿ ಅವರ ಮಗಳು. ಏಟಾದರೆ ನಮ್ಮದೇ ಜವಾಬ್ದಾರಿ ಅಂತ ಒಂದು ಕಾಗದಕ್ಕೆ ಸಹಿ, ತಲೆಗೆ ಮೂರು ಡಾಲರ್ ಪ್ರವೇಶ. ಜ್ಯಾಕ್ ತರಬಾರದು, ಕಟ್ಟರ್ ತರಬಾರದು, ಬೆರಳು ಕಾಣುವ ಚಪ್ಪಲಿ ಹಾಕಬಾರದು. ನಗದು ಮಾತ್ರ. ಶನಿವಾರ ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತಾರೆ, ಒಂದು ಅಂದರೆ ಒಂದೇ, ಅರ್ಧ ಬಿಚ್ಚಿದ ಬೋಲ್ಟು ಅರ್ಧಕ್ಕೇ ಬಿಟ್ಟು ಬರಬೇಕು.

ಒಳಗೆ ಮೊದಲು ಸಿಗುವುದು ಅಮೆರಿಕದ ಪಿಕಪ್‌ಗಳು, ಸಾಲು ಸಾಲು. ಆಮೇಲೆ ಟ್ರಾಕ್ಟರ್, ಬಾದಾಮಿ ಮರ ಅಲ್ಲಾಡಿಸುವ ಯಂತ್ರದ ಅಸ್ಥಿಪಂಜರ, ನೀರಿನ ಪಂಪು. ಎಲ್ಲಾ ಮುಗಿದ ಮೇಲೆ, ಬೇಲಿಗೆ ತಾಗಿಕೊಂಡು, ಕೊನೇ ಎರಡು ಸಾಲು ನಮ್ಮವು, ಅಂದರೆ ಹಳೇ ಜಪಾನೀ ಗಾಡಿಗಳು. ಎಣಿಸಿದೆ, 43 ಗಾಡಿ. ದಟ್ಸನ್ 280ಝಡ್‌ಎಕ್ಸ್ ಐದು, ದಟ್ಸನ್ ಬಿ210, 620 ಪಿಕಪ್‌ಗಳು, ಟೊಯೋಟಾ ಸೆಲಿಕಾ, ಕೊರೋನಾ, ಹೋಂಡಾದ ಮೊದಲ ತಲೆಮಾರಿನ ಸಿವಿಕ್, ಎರಡು ಮಜ್ದಾ ಆರ್‌ಎಕ್ಸ್7, ಒಂದು ಸುಬಾರು ಬ್ರಾಟ್ ಪಿಕಪ್. ಬೇಲಿಯಾಚೆ ಬಾದಾಮಿ ಹೂವು ಬಿಟ್ಟಿತ್ತು, ಗಾಳಿ ಬೀಸಿದಾಗಲೆಲ್ಲ ಬಿಳಿ ಎಸಳು ಬಂದು ಆ ತುಕ್ಕು ಹಿಡಿದ ಬೋನೆಟ್‌ಗಳ ಮೇಲೆ ಕೂರುತ್ತಿತ್ತು. ಫೋಟೋ ತೆಗೆದೆ, ಒಂದೂ ಚೆನ್ನಾಗಿ ಬಂದಿಲ್ಲ.

ತುಕ್ಕು ಅಂದೆನಲ್ಲ, ಅದು ಮೇಲಿನ ತುಕ್ಕು. ಇಲ್ಲಿಗೆ ಬರುವುದೇ ಅದಕ್ಕೆ. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಕಾಲದ ಜಪಾನೀ ತಗಡು ತೆಳು, ಉಪ್ಪು ತಾಗಿದರೆ ಕೆಲವೇ ವರ್ಷಕ್ಕೆ ಬಾಗಿಲಿನ ಕೆಳಗಿನ ಪಟ್ಟಿ ದೋಸೆಯ ತೂತಿನ ಹಾಗಾಗುತ್ತದೆ. ಈ ಬಯಲಿನಲ್ಲಿ ಉಪ್ಪಿಲ್ಲ, ಮಳೆ ವರ್ಷಕ್ಕೆ ಒಂದು ಅಡಿ ಬಂದರೆ ಜಾಸ್ತಿ. ಹಾಗಾಗಿ ಬಣ್ಣ ಹೋಗಿದ್ದರೂ ತಗಡು ಉಳಿದಿರುತ್ತದೆ. ಬಿಸಿಲು ಮಾತ್ರ ಬಿಡುವುದಿಲ್ಲ: ಒಂದು ಗಾಡಿಯದ್ದೂ ಡ್ಯಾಶ್‌ಬೋರ್ಡ್ ಸೀಳದೆ ಉಳಿದಿಲ್ಲ, ಕಿಟಕಿಯ ರಬ್ಬರ್ ಮುಟ್ಟಿದರೆ ಹಪ್ಪಳದಂತೆ ಪುಡಿ. ಡ್ಯಾಶ್, ರಬ್ಬರ್, ಸೀಟಿನ ಬಟ್ಟೆ ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ತಗಡು, ಕಬ್ಬಿಣ, ಗಾಜಿಗೆ ಬನ್ನಿ.

ಅಪ್ಪನಿಗೆ ಈ ಸಾಲು ನೋಡಿ ಮೊದಲು ನಂಬಿಕೆ ಬರಲಿಲ್ಲ. ನಮಗೆ ಟೊಯೋಟಾ ಅಂದರೆ ಬಿಡದಿ, ಕ್ವಾಲಿಸ್, ಅದು ಬಂದದ್ದೇ 2000ದಲ್ಲಿ. ಅವರ ಕಾಲಕ್ಕೆ ಜಪಾನ್ ಅಂದರೆ ಕಾರಲ್ಲ, ಮಿನಿ ಲಾರಿ: ಸ್ವರಾಜ್ ಮಜ್ದಾ, ಡಿಸಿಎಂ ಟೊಯೋಟಾ. ಮಜ್ದಾ ಹೆಸರು ನೋಡಿ ಖುಷಿಯಾಗಿ ಆರ್‌ಎಕ್ಸ್7ರ ಬೋನೆಟ್ ಎತ್ತಿಸಿದರು. ಇದರಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ಎರಡು ರೋಟರ್ ಸುತ್ತುತ್ತವೆ ಎಂದೆ. "ಪಿಸ್ಟನ್ನೇ ಇಲ್ವಾ? ಹಂಗಾದ್ರೆ ರಿಂಗ್ ಹೋದ್ರೆ ಏನ್ ಬದಲಾಯಿಸ್ತಾರೆ?" ಸರಿಯಾದ ಪ್ರಶ್ನೆಯೇ. ರಿಂಗ್ ಬದಲು ರೋಟರ್‌ನ ಮೂಲೆಗಳಲ್ಲಿ ಸೀಲ್ ಇರುತ್ತದೆ, ಅದು ಸವೆದರೆ ಕಂಪ್ರೆಶನ್ ಹೋಯಿತು, ಎಂಜಿನ್ ಪೂರ್ತಿ ಬಿಚ್ಚಬೇಕು. ವರ್ಷಗಟ್ಟಲೆ ಗುಜರಿಯಲ್ಲಿ ನಿಂತ ರೋಟರಿ ಎಂಜಿನ್ ಅನ್ನು ಚಾಲೂ ಆಗುತ್ತದೆ ಅಂತ ನಂಬಿ ದುಡ್ಡು ಕೊಟ್ಟರೆ ತಪ್ಪು ನಿಮ್ಮದೇ. ಆ ಎರಡರ ಬಾಡಿ ಚೆನ್ನಾಗಿದೆ, ಹೆಡ್‌ಲೈಟ್ ಏಳಿಸುವ ಮೋಟಾರ್‌ಗಳು ಇನ್ನೂ ಇವೆ.

ಬ್ರಾಟ್ ಬಗ್ಗೆ ಒಂದು ಮಾತು, ಯಾಕಂದರೆ ಅಪ್ಪ ಅದರ ಹಿಂದಿನ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಸೀಟು ನೋಡಿ ಇದ್ಯಾವ ಹುಚ್ಚಾಟ ಎಂದರು. ಸಾಮಾನು ಹಾಕುವ ಜಾಗದಲ್ಲಿ, ಬಯಲಿಗೆ, ಹಿಂದಕ್ಕೆ ಮುಖ ಮಾಡಿ ಕೂರುವ ಎರಡು ಸೀಟು. ಅದು ತೆರಿಗೆ ತಪ್ಪಿಸುವ ಉಪಾಯ. ಯೂರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರು ಅಂತ ಅಮೆರಿಕ 1964ರಿಂದ ಹೊರಗಿನ ಸಣ್ಣ ಟ್ರಕ್‌ಗಳಿಗೆ ಶೇಕಡಾ 25 ಸುಂಕ ಹಾಕಿತು, ಕೋಳಿ ಜಗಳ ಮುಗಿದರೂ ಸುಂಕ ಉಳಿಯಿತು. ಸುಬಾರು ಎರಡು ಸೀಟು ಕೂರಿಸಿ ಇದು ಟ್ರಕ್ ಅಲ್ಲ, ಪ್ಯಾಸೆಂಜರ್ ಗಾಡಿ ಅಂದಿತು. ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪನಿಗೆ ಇದೇ ಕಥೆ.

ಈಗ ಮುಖ್ಯ ವಿಷಯಕ್ಕೆ. ಸಾಲಿನ ತುದಿಯಲ್ಲಿ ಒಂದು ಹಳದಿ 240ಜೆಡ್ ಇದೆ, ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಹಿಂದಿನ ಗಾಜಿನ ಬಾಗಿಲಿಲ್ಲ. ಬೆಲೆ ಆರು ಸಾವಿರ ಡಾಲರ್. ಯಜಮಾನರನ್ನು ಯಾಕೆ ಅಷ್ಟು ಅಂತ ಕೇಳಿದರೆ ಜೇಬಿನಿಂದ ಫೋನ್ ತೆಗೆದು 2020ರ ಜನವರಿಯ ಹರಾಜಿನ ಸುದ್ದಿ ತೋರಿಸುತ್ತಾರೆ, 1971ರ ಒಂದು 240ಜೆಡ್ ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತಲ್ಲ, ಅದು. ಅದು ಇಪ್ಪತ್ತೊಂದು ಸಾವಿರ ಮೈಲಿ ಮಾತ್ರ ಓಡಿದ, ಕೈ ಮುಗಿಯುವ ಹಾಗಿದ್ದ ಗಾಡಿ. ಇದು ಕೋಳಿ ಗೂಡು. ಹೊಸದರಲ್ಲಿ 3,500 ಡಾಲರಿನ ಆಸುಪಾಸು ಇದ್ದ ಕಾರು. ಆದರೆ ಆ ಒಂದು ಹರಾಜು ಅಮೆರಿಕದ ಎಲ್ಲಾ ಗುಜರಿ ಯಜಮಾನರ ತಲೆ ಕೆಡಿಸಿದೆ, ಚೌಕಾಸಿ ಮಾಡಿ ಪ್ರಯೋಜನ ಇಲ್ಲ, ನಾನು ಮಾಡಿದೆ, ನಾಯಿ ಸಹ ನನ್ನ ಕಡೆ ನೋಡಲಿಲ್ಲ.

ಆದರೂ ಅದನ್ನು ನೋಡುವ ಕ್ರಮವನ್ನು ಅಪ್ಪನಿಂದ ಕಲಿತೆ. ನಾನು ಬಣ್ಣ, ಬಂಪರ್ ನೋಡುತ್ತಾ ಸುತ್ತು ಹಾಕುತ್ತಿದ್ದೆ. ಅವರು ನೇರವಾಗಿ ಬ್ಯಾಟರಿ ಕೂರುವ ಜಾಗಕ್ಕೆ ಕೈ ಹಾಕಿದರು. "ಆಸಿಡ್ ಮೊದ್ಲು ತಿನ್ನೋದು ಇಲ್ಲಿ." ಬ್ಯಾಟರಿ ತಟ್ಟೆ ಇರಲೇ ಇಲ್ಲ, ಬೆರಳು ಕೆಳಗಿನ ಚಾಸಿ ರೈಲಿಗೆ, ಅಂದರೆ ಗಾಡಿಯ ಭಾರ ಹೊರುವ ಉದ್ದ ಪಟ್ಟಿಗೆ, ಹೋಗಿ ತಾಗಿತು. ಈ ಕಾರಿನ ಖಾಯಿಲೆಯೇ ಅದು. ಮೇಲೆ ತಟ್ಟೆ, ಕೆಳಗೆ ರೈಲು, ಅಲ್ಲಿಂದ ಕಾಲಿಡುವ ನೆಲ, ಆಮೇಲೆ ಬಾಗಿಲಿನ ಹಿಂದೆ ಚಕ್ರದ ಮುಂದೆ ಇರುವ ಮೂಲೆ. ಆ ಮೂಲೆ ಚೆನ್ನಾಗಿ ಕಾಣುತ್ತಿತ್ತು. ಅಪ್ಪ ಜೇಬಿನಿಂದ ನಮ್ಮ ಫ್ರಿಜ್ ಮೇಲಿದ್ದ ಗೋಲ್ಡನ್ ಗೇಟ್ ಮ್ಯಾಗ್ನೆಟ್ ತೆಗೆದು ಅಲ್ಲಿ ಇಟ್ಟರು. ಜಾರಿ ಕೆಳಗೆ ಬಿತ್ತು. ಇನ್ನೊಂದು ಇಂಚು ಪಕ್ಕ ಇಟ್ಟರು, ಬಿತ್ತು. ಒಂದು ಅಂಗೈ ಅಗಲ ಪೂರ್ತಿ ಪುಟ್ಟಿ, ಒಳಗೆ ತಗಡೇ ಇಲ್ಲ. ಸ್ಪ್ಯಾನರ್ ಹಿಡಿಯಿಂದ ತಟ್ಟಿ ಕೇಳಿಸಿದರು, ಟಣ್ ಟಣ್ ಅನ್ನುತ್ತಾ ಬಂದದ್ದು ಅಲ್ಲಿಗೆ ಬಂದು ಡೊಪ್ ಅಂತು. ಮ್ಯಾಗ್ನೆಟ್ ಯಾವಾಗ ಜೇಬಿಗೆ ಹಾಕಿಕೊಂಡರೋ, ಅಮ್ಮನಿಗೂ ಗೊತ್ತಿರಲಿಲ್ಲ.

ಯಜಮಾನರು ದೂರದಿಂದ ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಹತ್ತಿರ ಬಂದು ಅಪ್ಪನ ಕೈಯಿಂದ ಆ ಮ್ಯಾಗ್ನೆಟ್ ತೆಗೆದುಕೊಂಡು ನೋಡಿ, ನಕ್ಕು, ಇನ್ನೊಂದು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಇದರಲ್ಲಿ ಎಲ್ಲೆಲ್ಲಿ ಪುಟ್ಟಿ ಇದೆ ಅಂತ ತಾವೇ ತೋರಿಸಿದರು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಸೊನ್ನೆ. ಆಮೇಲೆ ಅರ್ಧ ಗಂಟೆ ಇಬ್ಬರೂ ನನ್ನನ್ನು ಮರೆತರು. ಈ ಯಾರ್ಡ್‌ಗೆ ನಾನು ಕೊಡುವ ಅಂಕಗಳಲ್ಲಿ ಒಂದು ಪೂರ್ತಿ ಇದಕ್ಕೆ: ಬೆಲೆ ಇಳಿಸುವುದಿಲ್ಲ, ಆದರೆ ತುಕ್ಕು ಮುಚ್ಚಿಡುವುದಿಲ್ಲ.

ಬಿಡಿಭಾಗಕ್ಕೆ ಬಂದರೆ ಇದು ಸ್ವರ್ಗ. 240ಜೆಡ್ ಇಟ್ಟುಕೊಂಡವರು ಗಮನಿಸಿ. ಪ್ಲಗ್‌ಗಳಿಗೆ ಕಿಡಿಯ ಕರೆಂಟು ಹಂಚುವ ಅದರ ಹಳೇ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್, ಅಂದರೆ ಸವೆಯುವ ಸಣ್ಣ ಸ್ವಿಚ್ಚು, ಇರುತ್ತದೆ, ಗ್ಯಾಪ್ ಹೊಂದಿಸಿ ಹೊಂದಿಸಿ ಸಾಕಾಗುತ್ತದೆ. 1979ರಿಂದ 83ರವರೆಗಿನ 280ಝಡ್‌ಎಕ್ಸ್‌ನ ಡಿಸ್ಟ್ರಿಬ್ಯೂಟರ್ ನೇರವಾಗಿ ಅದೇ ಜಾಗಕ್ಕೆ ಕೂರುತ್ತದೆ, ಪಕ್ಕದಲ್ಲೇ ಬೆಂಕಿಪೊಟ್ಟಣದಷ್ಟು ಎಲೆಕ್ಟ್ರಾನಿಕ್ ಮಾಡ್ಯೂಲ್ ಅಂಟಿಕೊಂಡಿರುತ್ತದೆ, ಪಾಯಿಂಟ್‌ನ ಕಾಟವೇ ಮುಗಿಯಿತು. ಎಡವಟ್ಟು ಆಗುವುದು ಒಂದು ಕಡೆ: ಜನ ಮೇಲಿನದನ್ನು ಮಾತ್ರ ಬಿಚ್ಚಿಕೊಂಡು ಹೋಗುತ್ತಾರೆ. ಅದು ಕೂರುವ ಅಲ್ಯೂಮಿನಿಯಂ ಪೀಠವನ್ನೂ ಅದೇ ಝಡ್‌ಎಕ್ಸ್‌ನಿಂದ ತರಬೇಕು, ಇಲ್ಲದಿದ್ದರೆ ಟೈಮಿಂಗ್ ಹೊಂದುವುದಿಲ್ಲ. ಐದು ಝಡ್‌ಎಕ್ಸ್‌ಗಳಲ್ಲಿ ಮೂರರಲ್ಲಿ ಡಿಸ್ಟ್ರಿಬ್ಯೂಟರ್ ಹೋಗಿತ್ತು, ಪೀಠ ಉಳಿದಿತ್ತು, ಅಂದರೆ ನನಗಿಂತ ಮೊದಲು ಬಂದ ಮೂವರು ಮನೆಗೆ ಹೋಗಿ ತಲೆ ಚಚ್ಚಿಕೊಂಡಿದ್ದಾರೆ. ನಾಲ್ಕನೆಯದರಲ್ಲಿ ಎರಡೂ ಇತ್ತು, 45 ಡಾಲರ್.

ಇನ್ನೊಂದು ಮಜಾ ಬ್ರೇಕಿನದ್ದು. ದಟ್ಸನ್‌ಗೆ ಟೊಯೋಟಾದ ಬ್ರೇಕು. 1979ರಿಂದ 85ರ ಟೊಯೋಟಾ ನಾಲ್ಕು ಚಕ್ರ ಎಳೆತದ ಪಿಕಪ್‌ನ ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಇಕ್ಕಳ) 240ಜೆಡ್‌ನ ಮುಂದಿನ ಸ್ಟ್ರಟ್‌ಗೆ ಬೋಲ್ಟ್ ಹಾಕಿದರೆ ಕೂರುತ್ತದೆ, ಡಿಸ್ಕಿನ ಹಿಂದಿನ ತಗಡಿನ ಮುಚ್ಚಳವನ್ನು ಸ್ವಲ್ಪ ಕತ್ತರಿಸಬೇಕು ಅಷ್ಟೆ. ಎರಡು ಬೇರೆ ಬೇರೆ ಕಂಪನಿ, ಒಂದಕ್ಕೊಂದು ಪೈಪೋಟಿ, ಬೋಲ್ಟಿನ ದೂರ ಮಾತ್ರ ಒಂದೇ. ಅಮೆರಿಕದ ಜೆಡ್ ಹುಚ್ಚರು ಇದನ್ನು ದಶಕಗಳಿಂದ ಮಾಡುತ್ತಿದ್ದಾರೆ. ಹೊಸದಾಗಿ ರಿಪೇರಿ ಮಾಡಿದ ಕ್ಯಾಲಿಪರ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಹಳೆಯದನ್ನು ವಾಪಸ್ ಕೊಡದಿದ್ದರೆ ಜಾಸ್ತಿ ದುಡ್ಡು. ಗುಜರಿಯಿಂದ ಜೋಡಿಗೆ 50 ಡಾಲರಿಗೆ ತಂದು ಅದನ್ನು ಕೊಟ್ಟು ಹೊಸದು ತಂದೆ.

ಅಲ್ಲೇ ಪಕ್ಕದಲ್ಲಿ ನನ್ನ ಎದೆ ನಿಲ್ಲಿಸಿದ್ದು 1976ರ ಸೆಲಿಕಾ ಲಿಫ್ಟ್‌ಬ್ಯಾಕ್. ಹಿಂದಿನ ಗಾಜಿನ ಮೇಲೆ ಅಡ್ಡ ಪಟ್ಟಿಗಳು. ನೆಲ ಗಟ್ಟಿ, ಕಾಗದ ಇದೆ, ಬೆಲೆಯೂ ಪರವಾಗಿಲ್ಲ. ಬಿಟ್ಟು ಬಂದೆ. ಯಾಕಂದರೆ ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆ ಇಲ್ಲ, 1976ಕ್ಕೆ ಇದೆ. ಎರಡು ವರ್ಷಕ್ಕೊಮ್ಮೆ, ಅದು ಸಾಯುವ ತನಕ. ಹೊಗೆ ಕಡಿಮೆ ಬಂದರೆ ಸಾಲದು, ಕಂಪನಿಯಿಂದ ಬಂದ ಪೈಪು, ಪಂಪು, ವಾಲ್ವು ಎಲ್ಲ ಅದರದರ ಜಾಗದಲ್ಲಿ ಇರಬೇಕು. ಐವತ್ತು ವರ್ಷ ಹಳೇ ಗಾಡಿಯ ವ್ಯಾಕ್ಯೂಮ್ ಪೈಪಿನ ನಕ್ಷೆ ಹಿಡಿದು ಗುಜರಿ ಗುಜರಿ ಅಲೆಯುವ ಶಕ್ತಿ ನನಗಿಲ್ಲ. ಒಂದೇ ಒಂದು ವರ್ಷದ ವ್ಯತ್ಯಾಸ. ಅಪ್ಪನಿಗೆ ಹೇಳಿದರೆ, "ಒಂದ್ ಮಾರ್ಕಲ್ಲಿ ಫೇಲ್ ಆದ್ನಲ್ಲೋ ಪಾಪ" ಎಂದರು. ನೆವಾಡಾ, ಅರಿಜೋನಾ ಕಡೆಯವರು ಯಾರಾದರೂ ಇದ್ದರೆ ನಿಮ್ಮ ಊರಿನ ನಿಯಮ ನೋಡಿಕೊಂಡು ಹೋಗಿ ತಂದುಬಿಡಿ.

ಕಹಿ ಅನುಭವ ಅಂದೆನಲ್ಲ, ಅದು ದಟ್ಸನ್ 510ರದ್ದು. 1971ರದ್ದು, ನಾಲ್ಕು ಬಾಗಿಲು, ತಿಳಿ ಹಸಿರು. ಗೊತ್ತಿಲ್ಲದವರಿಗೆ: ಈ ಡಬ್ಬಿಯಂಥ ಕಾರು ಅಮೆರಿಕಕ್ಕೆ ಬಂದದ್ದು 1968ರ ಮಾಡೆಲ್ ಆಗಿ, ಎರಡು ಸಾವಿರ ಡಾಲರಿನ ಒಳಗೆ ಸಿಗುತ್ತಿತ್ತು, ಆ ಬೆಲೆಗೆ 1.6 ಲೀಟರಿನ ಓವರ್‌ಹೆಡ್ ಕ್ಯಾಮ್ ಎಂಜಿನ್, ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಶನ್. ಬಡವರ ಬಿಎಂಡಬ್ಲ್ಯು ಅನ್ನುತ್ತಿದ್ದರು. 1971 ಮತ್ತು 72ರಲ್ಲಿ ಪೀಟ್ ಬ್ರಾಕ್ ತಂಡದ ಜಾನ್ ಮಾರ್ಟನ್ ಇದನ್ನೇ ಓಡಿಸಿ ಟ್ರಾನ್ಸ್-ಆಮ್ ರೇಸಿನ ಎರಡೂವರೆ ಲೀಟರ್ ವಿಭಾಗ ಗೆದ್ದ, ಎದುರಿಗೆ ಆಲ್ಫಾ ರೋಮಿಯೋ ಇತ್ತು. ಹಾಗಾಗಿ ಎರಡು ಬಾಗಿಲಿನ 510 ಈಗ ಕೈಗೆ ಎಟುಕುವುದಿಲ್ಲ, ನಾಲ್ಕು ಬಾಗಿಲಿನದ್ದು ಇನ್ನೂ ಪರವಾಗಿಲ್ಲ. ಅಪ್ಪ ಮ್ಯಾಗ್ನೆಟ್ ಇಟ್ಟರು, ಎಲ್ಲಾ ಕಡೆ ಕಚ್ಚಿಕೊಂಡಿತು. ಪ್ಲಗ್ ಬಿಚ್ಚಿ ನಾಲ್ಕು ಸಿಲಿಂಡರಿಗೂ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟು, ಪುಳಿಯೋಗರೆ ತಿಂದು ಬಂದು ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಒತ್ತಿದರು. ಮೊದಲು ಅಲ್ಲಾಡಲಿಲ್ಲ. ಆಮೇಲೆ ಒಂದು ಗೀರು ಸದ್ದು ಮಾಡಿ ತಿರುಗಿತು. "ಜಾಮ್ ಆಗಿಲ್ಲ ಕಣೋ, ತಗೋ."

ಯಜಮಾನರು 2,200 ಎಂದರು, ಒಪ್ಪಿ 300 ಮುಂಗಡ ಕೊಟ್ಟೆ, ರಸೀದಿಯ ಹಿಂಬದಿಯಲ್ಲಿ ಕೈಬರಹದಲ್ಲಿ ಬರೆದುಕೊಟ್ಟರು. ಮುಂದಿನ ಶನಿವಾರ ಗೆಳೆಯನ ಪಿಕಪ್, ಬಾಡಿಗೆಗೆ ಟ್ರೇಲರ್, ಹಗ್ಗ ಸರಪಳಿ ಎಲ್ಲ ಕಟ್ಟಿಕೊಂಡು ಮತ್ತೆ ಎರಡೂವರೆ ಗಂಟೆ ಬಂದೆವು. ಗಲ್ಲಾದಲ್ಲಿದ್ದ ಮಗಳು ಕಡತ ತೆಗೆದು ನೋಡಿ ತಲೆ ಅಲ್ಲಾಡಿಸಿದಳು. ಆ ಗಾಡಿಯನ್ನು ಒಡೆಯಲು ತಂದದ್ದು ಅಂತ 1998ರಲ್ಲೇ ಡಿಎಂವಿಗೆ ತಿಳಿಸಿಬಿಟ್ಟಿದ್ದಾರೆ. ಡಿಎಂವಿ ಅಂದರೆ ಇಲ್ಲಿನ ಆರ್‌ಟಿಒ. ಒಮ್ಮೆ ಹಾಗೆ ಹೋದ ಮೇಲೆ ಅದು ಕಾಗದದಲ್ಲಿ ಗಾಡಿ ಅಲ್ಲ, ಬಿಡಿಭಾಗಗಳ ರಾಶಿ. ಬಾಗಿಲು ಬೇಕಾದರೆ ಕೊಡುತ್ತೇವೆ, ಎಂಜಿನ್ ಕೊಡುತ್ತೇವೆ, ಇಡೀ ಗಾಡಿ ಕೊಡುವ ಹಾಗಿಲ್ಲ. ಅವಳ ಅಪ್ಪನಿಗೆ ಮರೆತುಹೋಗಿತ್ತಂತೆ. ಮುಂಗಡ ವಾಪಸ್ ಕೇಳಿದರೆ ನಗದು ವಾಪಸ್ ಕೊಡುವ ಪದ್ಧತಿ ಇಲ್ಲ, 300 ಡಾಲರಿಗೆ ಸಾಮಾನು ತೆಗೆದುಕೊಳ್ಳಿ. ಟ್ರೇಲರ್ ಬಾಡಿಗೆ, ಪೆಟ್ರೋಲು, ಗೆಳೆಯನ ಶನಿವಾರ, ಎಲ್ಲಾ ನೀರುಪಾಲು. ಸಿಟ್ಟು ಬಂತು, ಜೋರಾಗಿಯೇ ಮಾತಾಡಿದೆ. ಮುಂಗಡ ತೆಗೆದುಕೊಳ್ಳುವ ಮೊದಲು ಕಡತ ನೋಡಲು ಎರಡು ನಿಮಿಷ ಸಾಕಿತ್ತು, ಅಲ್ವಾ?

ಅಪ್ಪನಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರು ಅಂದದ್ದು: "ನಮ್ ಕಡೆ ಸತ್ತೋನ ಹೆಸರಲ್ಲೂ ರೇಷನ್ ಬರುತ್ತೆ. ಇಲ್ಲಿ ಬದುಕಿರೋದಕ್ಕೆ ಡೆತ್ ಸರ್ಟಿಫಿಕೇಟ್ ಕೊಟ್ಟವ್ರೆ."

ಹಾಗಾಗಿ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇಂಥ ಯಾರ್ಡ್‌ನಲ್ಲಿ ಗಾಡಿ ನೋಡುವ ಮೊದಲು ಕಾಗದ ಕೇಳಿ. ಇಲ್ಲಿನವರು ಪಿಂಕ್ ಸ್ಲಿಪ್ ಅನ್ನುತ್ತಾರೆ, ನಮ್ಮ ಆರ್‌ಸಿ ಪುಸ್ತಕದ ಹಾಗೆ, ಈಗ ಅದರ ಬಣ್ಣ ಗುಲಾಬಿಯೂ ಅಲ್ಲ. ಅದು ಕೈಯಲ್ಲಿ ಹಿಡಿದು, ಅದರಲ್ಲಿರುವ ಚಾಸಿ ನಂಬರ್ ಮತ್ತು ಗಾಡಿಯ ಮೇಲೆ ಕೆತ್ತಿದ ನಂಬರ್ ಒಂದೇನಾ ಅಂತ ಅಕ್ಷರ ಅಕ್ಷರ ಓದಿ, ಆಮೇಲೆ ಮ್ಯಾಗ್ನೆಟ್ ತೆಗೆಯಿರಿ. ನಾನು ಮಾಡಿದ್ದು ಉಲ್ಟಾ. ಜಂಕ್ ಆದ ಗಾಡಿಯನ್ನು ಮತ್ತೆ ರಸ್ತೆಗೆ ತರುವ ದಾರಿಗಳಿವೆ, ತಪಾಸಣೆ ಮೇಲೆ ತಪಾಸಣೆ, ನನಗೆ ಅಷ್ಟು ತಾಳ್ಮೆ ಇಲ್ಲ.

ಮಗಳಿಗೂ ಪಾಪ ಅನ್ನಿಸಿರಬೇಕು. ಒಳಗೆ ಹೋಗಿ ಶೂ ಡಬ್ಬಿಯೊಂದನ್ನು ತಂದಳು. ಆ 43 ಗಾಡಿಗಳಲ್ಲಿ ಕಾಗದ ಇದ್ದದ್ದು ಒಂಬತ್ತಕ್ಕೆ. ಅದರಲ್ಲಿ ಒಂದು 1974ರ ದಟ್ಸನ್ 620 ಪಿಕಪ್. ನಾನು ಹಿಂದಿನ ವಾರ ಅದನ್ನು ದಾಟಿಕೊಂಡು ಹೋಗಿದ್ದೆ, ತಿರುಗಿಯೂ ನೋಡಿರಲಿಲ್ಲ. ಅಪ್ಪ ನೋಡಿದ್ದರು. "ಅವತ್ತೇ ಹೇಳೋಣ ಅನ್ಕೊಂಡೆ, ನೀನು ಕಾರು ಕಾರು ಅಂತಿದ್ದೆ." ಲಾರಿಯ ಮರಿಯ ಹಾಗಿದೆ: ಹಿಂದೆ ಸ್ಪ್ರಿಂಗ್ ಪಟ್ಟಿಗಳು, ಬೇರೆಯಾಗಿ ನಿಲ್ಲುವ ಚಾಸಿ, ಪಕ್ಕದ ತಗಡಿನಲ್ಲಿ ಉದ್ದಕ್ಕೂ ಗುಂಡಿನ ಆಕಾರದ ಏಣು, ಅದಕ್ಕೇ ಇಲ್ಲಿ ಅದನ್ನು ಬುಲೆಟ್‌ಸೈಡ್ ಅನ್ನುತ್ತಾರೆ. 510ಕ್ಕೆ ಬರುವ ಎಂಜಿನ್ ಕುಟುಂಬವೇ, ಎಲ್ ಸರಣಿ, ಹಾಗಾಗಿ ಸಾಮಾನು ಅದಲು ಬದಲು ಆಗುತ್ತದೆ. ತೊಟ್ಟಿಯ ನೆಲದಲ್ಲಿ ಎರಡು ತೂತು, ಕ್ಯಾಬಿನ್ ನೆಲದ ರಬ್ಬರ್ ಹಾಸು ಎತ್ತಿದರೆ ಎಡಗಡೆ ಒಂದು ತೂತು, ಹಾಸಿನ ಕೆಳಗೆ ನೀರು ನಿಂತರೆ ಆಗುವುದೇ ಅದು. ಸೀಟಿನ ಸ್ಪ್ರಿಂಗ್ ಒಳಗೆ ಇಲಿ ಗೂಡು, ತುಂಬಾ ಬಾದಾಮಿ ಸಿಪ್ಪೆ. 1,500 ಹೇಳಿದರು, ಮುಂಗಡ ಕಳೆದು 1,200 ಕೊಟ್ಟೆ. 1974, ಅಂದರೆ ಹೊಗೆ ತಪಾಸಣೆಯೂ ಇಲ್ಲ. ಯಾರ್ಡ್‌ನ ಹುಡುಗ ಫೋರ್ಕ್‌ಲಿಫ್ಟ್ ತಂದು ಎತ್ತಿ ಟ್ರೇಲರ್ ಮೇಲೆ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಟ್ಟ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ದಾರಿಯಲ್ಲಿ ಲಿವಿಂಗ್‌ಸ್ಟನ್‌ನಲ್ಲಿ ನಿಲ್ಲಿಸಿ ಪಂಜಾಬಿ ಊಟ ಮಾಡಿದೆವು. ಪಾರ್ಕಿಂಗ್‌ನಲ್ಲಿ ಇಬ್ಬರು ಲಾರಿ ಡ್ರೈವರ್‌ಗಳು ಟ್ರೇಲರ್ ಸುತ್ತ ಬಂದು ಎಷ್ಟು ಕೊಟ್ಟಿರಿ ಅಂತ ಕೇಳಿದರು. ಅಪ್ಪ 800 ಅಂತ ಹಿಂದಿಯಲ್ಲಿ ಸುಳ್ಳು ಹೇಳಿದರು.

ಇನ್ನು ಹೋಗುವವರಿಗೆ ಒಂದೆರಡು ಮಾತು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ, 40 ಡಿಗ್ರಿ ದಾಟುತ್ತದೆ, ಕಬ್ಬಿಣ ಮುಟ್ಟಲಾಗುವುದಿಲ್ಲ. ಕೈಗವಸು ಇಲ್ಲದೆ ಬೋನೆಟ್ ಕೆಳಗೆ, ಸೀಟಿನ ಕೆಳಗೆ ಕೈ ಹಾಕಬೇಡಿ, ಕಪ್ಪು ವಿಧವೆ ಜೇಡ ಅಲ್ಲಿ ಸಾಮಾನ್ಯ, ಹೊಟ್ಟೆಯ ಕೆಳಗೆ ಕೆಂಪು ಗುರುತು ಇರುವುದು, ನಾನು ಎರಡು ನೋಡಿದೆ. ನೀರು ನೀವೇ ಒಯ್ಯಿರಿ. ಸಾಮಾನು ಹೊರಲು ಅವರದ್ದೊಂದು ಕೈಗಾಡಿ ಇದೆ, ಅದರ ಟೈರ್ ಯಾವಾಗಲೂ ಪಂಚರ್. ಯಾಕೆ ಅಂತ ಅಪ್ಪನೇ ಕಂಡುಹಿಡಿದರು: ಬಗ್ಗಿ ಚಕ್ರದಿಂದ ಒಂದು ಮುಳ್ಳು ಕಿತ್ತು ನನ್ನ ಅಂಗೈಗೆ ಹಾಕಿದರು. ನೆಗ್ಗಿಲುಮುಳ್ಳು. ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ನೆಗ್ಗಿಲು, ಅದೇ ಎರಡು ಕೊಂಬು. ಊರು ಬಿಟ್ಟು ಇಷ್ಟು ದೂರ ಬಂದರೂ ಇದು ಬಿಡಲಿಲ್ಲವಲ್ಲೋ ಎಂದರು. ಸೈಕಲ್ ಪಂಚರ್ ಹಾಕುವ ಡಬ್ಬಿ ಒಯ್ದರೆ ಕೈಗಾಡಿ ನಿಮ್ಮದು.

ಅಂಕ ಕೊಡಬೇಕಂದರೆ ಐದಕ್ಕೆ ಮೂರೂವರೆ. ಬಿಡಿಭಾಗಕ್ಕೆ ಮಾತ್ರ ಹೋಗುವವರಿಗೆ ನಾಲ್ಕೂವರೆ. ಇಡೀ ಗಾಡಿ ಬೇಕಂದವರು ಯಜಮಾನರ ಹತ್ತಿರ ಮಾತಾಡಿ ತೃಪ್ತಿಪಟ್ಟುಕೊಂಡು, ದುಡ್ಡಿನ ವಿಷಯ ಮಗಳ ಹತ್ತಿರ ಮಾತ್ರ ಮಾತಾಡಿ. ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದರೆ ಅವಳೇ ಎತ್ತುತ್ತಾಳೆ.

ಆ ಹಸಿರು 510 ಇನ್ನೂ ಅಲ್ಲೇ ಇದೆ. ಅದರ ಎಂಜಿನ್, ಹಿಂದಿನ ಗಾಜು, ಎರಡು ಬಾಗಿಲಿನ ಹಿಡಿಗಳಿಗೆ ಅಕ್ಟೋಬರ್‌ನಲ್ಲಿ ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ, ವೈಪರ್‌ಗೆ ಒಂದು ಚೀಟಿ ಕಟ್ಟಿದೆ. ಚೀಟಿ ಕನ್ನಡದಲ್ಲಿದೆ, ಅಪ್ಪನ ಅಕ್ಷರ. ಯಾರಾದರೂ ಹುಡುಕಿಕೊಂಡು ಅಲ್ಲಿಯವರೆಗೆ ಹೋದರೆ, ಓದಲು ಬರುವುದಿಲ್ಲ ಅಂತ ನೀವಂತೂ ಹೇಳುವ ಹಾಗಿಲ್ಲ.